ಎಲ್ಲರೂ ಕ್ಲೆರಿಕ್ ಆಗು ಅಂತಿದ್ದಾರೆ, ನನಗೆ ಬೇಡ. ಬತ್ತಿದ ಕೆರೆಯ ಕ್ಯಾಂಪೇನಿಗೆ ಯಾವ ರೇಸ್, ಯಾವ ಕ್ಲಾಸ್?

ಮಾತ್ರೆ_ಚೀಟಿ

ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ದಾವಣಗೆರೆಯಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಚೀಟಿ ಓದೋದು, ಮಾತ್ರೆ ಕತ್ತರಿಸಿ ಕೊಡೋದು, 'ಇದು ಊಟ ಆದ್ಮೇಲೆ' ಅನ್ನೋದು. ಭಾನುವಾರ ಒಂದೇ ರಜೆ. ಆ ದಿನ ಚಿಕ್ಕಪ್ಪನ ಮಗ ನಮ್ಮ ಮನೆ ತಾರಸಿ ಮೇಲೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡಿಸುತ್ತಾನೆ. ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಉರುಳಿಸಿ, ಕಥೆಯೊಳಗೆ ಆಡೋ ಆಟ. ಕಥೆ ನಡೆಸೋನಿಗೆ ಡಿಎಂ ಅಂತಾರೆ. ಮೂರು ತಿಂಗಳಿಂದ ಮಂಡಕ್ಕಿ ಮಿರ್ಚಿ ಸಪ್ಲೈ ಮಾಡುತ್ತಾ ನೋಡುತ್ತಿದ್ದೆ. ಈಗ ಹೊಸ ಕ್ಯಾಂಪೇನ್ (ವಾರವಾರ ಮುಂದುವರಿಯೋ ಕಥೆ) ಶುರು ಮಾಡುತ್ತಿದ್ದಾನೆ, ನಾನೂ ಸೇರುತ್ತಿದ್ದೇನೆ.

ಲೋಕ ಅವನೇ ಕಟ್ಟಿದ್ದು. ಮುನ್ನೂರು ವರ್ಷದ ಹಿಂದೆ ಡ್ವಾರ್ಫ್‌ಗಳು ಒಂದು ದೊಡ್ಡ ಕೆರೆ ಕಟ್ಟಿದರಂತೆ. ಅದರ ಕೆಳಗೆ ಏಳು ಊರು. ತೂಬಿನ ಹತ್ತಿರ ಎಲ್ಫ್‌ಗಳ ಊರು. ಕೊನೆ ಭಾಗದಲ್ಲಿ ಮನುಷ್ಯರು, ಆರ್ಕ್‌ಗಳು. ಕೋಡಿ ಬಿದ್ದು ಮೂರು ವರ್ಷ ಆಗಿದೆ. ಈಗ ಕೆರೆ ತಳ ಬಿರುಕು ಬಿಟ್ಟಿದೆ, ನೀರುಗಂಟಿ ಕಾಣೆಯಾಗಿದ್ದಾನೆ. ಚಿಕ್ಕಪ್ಪನ ಊರು ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ, ಹಂಗಾಗಿ ಈ ಕಥೆ ಎಲ್ಲಿಂದ ಬಂತು ಅಂತ ನಮಗೆಲ್ಲ ಗೊತ್ತು. ಕೆರೆಯ ಮ್ಯಾಪ್ ಅಂತೂ ಸೂಳೆಕೆರೆ ನೋಡಿಕೊಂಡೇ ಬರೆದಿದ್ದಾನೆ, ಕೇಳಿದರೆ ಇಲ್ಲ ಅಂತಾನೆ.

ಅವನ ನಿಯಮ ಇಷ್ಟು. 2014ರ ಪುಸ್ತಕ. ಮೊದಲ ಲೆವೆಲ್‌ನಿಂದ ಶುರು. ಪಾತ್ರದ ಆರು ಗುಣಗಳಿಗೆ (ಬಲ, ಬುದ್ಧಿ ಹಂಗೆ) ಅಂಕಗಳು 15, 14, 13, 12, 10, 8, ಯಾವುದಕ್ಕೆ ಯಾವುದು ಅನ್ನೋದು ನಮ್ಮಿಷ್ಟ. ಹಾರುವ ರೇಸ್ ಬೇಡ. ದೇವರುಗಳು ಮೂರು ವರ್ಷದಿಂದ ಮಾತಾಡಿಲ್ಲ.

ಟೀಮಿನಲ್ಲಿ ಈಗ ಮೂವರಿದ್ದಾರೆ. ಒಬ್ಬೊಬ್ಬರಿಗೂ ಒಂದು ರೇಸ್ (ಎಲ್ಫ್, ಡ್ವಾರ್ಫ್ ಹಂಗೆ), ಒಂದು ಕ್ಲಾಸ್ (ಪಾತ್ರದ ಕಸುಬು). ನಮ್ಮ ಯಜಮಾನ್ರು ಹಾಫ್-ಆರ್ಕ್ ಬಾರ್ಬೇರಿಯನ್. ಅವರ ಸ್ನೇಹಿತರೊಬ್ಬರು ಹೈ ಎಲ್ಫ್ ವಿಝರ್ಡ್. ಪಕ್ಕದ ಮನೆಯ ಕಾಲೇಜು ಹುಡುಗಿ ಹಾಫ್ಲಿಂಗ್ ರೋಗ್. ಮೂವರೂ ಒಂದೇ ರಾಗ: "ನೀನು ಹೆಂಗೂ ಮೆಡಿಕಲ್ ಶಾಪು. ಕ್ಲೆರಿಕ್ ಆಗಿಬಿಡು."

ಕ್ಲೆರಿಕ್ ಅಂದ್ರೆ ದೇವರ ಶಕ್ತಿಯಿಂದ ಗಾಯ ವಾಸಿ ಮಾಡೋ ಪೂಜಾರಿ ಥರ. ನನಗೆ ಬೇಡ ಸ್ವಾಮಿ. ಆರು ದಿನ ಮಾಡೋದನ್ನೇ ಏಳನೇ ದಿನವೂ ಮಾಡಬೇಕಾ? ಮನೆಯಲ್ಲಿ ಇವರಿಗೆ ಬಿಪಿ ಮಾತ್ರೆ ನೆನಪಿಸೋದೂ ನಾನೇ. ಆಟದಲ್ಲೂ ಇವರು ಕೊಡಲಿ ಹಿಡಿದು ನುಗ್ಗಿ ಬೀಳೋದು, ನಾನು ಹಿಂದೆ ಓಡಿ ಎಬ್ಬಿಸೋದು.

ನನ್ನ ತಲೆಯಲ್ಲಿ ಮೂರಿವೆ. ಹಿಲ್ ಡ್ವಾರ್ಫ್ ಕ್ಲೆರಿಕ್ (ಅವರ ಆಸೆ). ಫಾರೆಸ್ಟ್ ನೋಮ್ (ಕಾಡಿನ ಕುಳ್ಳರು) ಡ್ರೂಯಿಡ್ (ಪ್ರಕೃತಿಯ ಮಂತ್ರ ಬಲ್ಲವರು), ಯಾಕಂದ್ರೆ ಅಳಿಲು ಗುಬ್ಬಚ್ಚಿ ಜೊತೆ ಮಾತಾಡಬಹುದು. ಇಲ್ಲಾಂದ್ರೆ ಮನುಷ್ಯ ರೇಂಜರ್ (ಕಾಡು ಬಲ್ಲ ಬೇಟೆಗಾರ). ದಯವಿಟ್ಟು ಹೇಳಿ.

ಇನ್ನೊಂದು. ನಾನು ಶೀಟಿನಲ್ಲಿ ರೇಸ್ ಕಾಲಂ ತುಂಬುತ್ತಾ ತಮ್ಮನಿಗೆ ಅದರ ಅರ್ಥ ಕೇಳುತ್ತಿದ್ದೆ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. "ಆಟದಾಗೂ ಜಾತಿ ಕೇಳ್ತಾರೇನು?" ಅಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ.

ಲೆಕ್ಕದ_ಡಿ20

ಮೇಡಂ, ಬೈಕೋಬೇಡಿ. ಲೆಕ್ಕ ಹಾಕಿದರೆ ನಿಮ್ಮ ಟೀಮು ಹೇಳಿದ್ದೇ ಸರಿ.

ಹಿಲ್ ಡ್ವಾರ್ಫ್‌ಗೆ ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) +2, ವಿಸ್ಡಮ್ (ವಿವೇಕ) +1, ಮೇಲೆ ಪ್ರತಿ ಲೆವೆಲ್‌ಗೂ ಒಂದು ಹಿಟ್ ಪಾಯಿಂಟ್ (ಎಷ್ಟು ಏಟು ತಡೀತೀರಿ ಅನ್ನೋ ಅಂಕ) ಜಾಸ್ತಿ. ಲೈಫ್ ಡೊಮೇನ್ (ಕ್ಲೆರಿಕ್‌ಗಳ ಒಂದು ಪಂಗಡ) ತಗೊಂಡರೆ ಭಾರದ ಕವಚ ಸಿಗುತ್ತೆ. ಚೈನ್ ಮೇಲ್ 16, ಗುರಾಣಿ 2, ರಕ್ಷಣೆಯ ಅಂಕ ಒಟ್ಟು 18. ಮೊದಲ ಲೆವೆಲ್‌ನಲ್ಲಿ ನಿಮ್ಮನ್ನು ಮುಟ್ಟೋಕೆ ಗಾಬ್ಲಿನ್‌ಗಳು ಒದ್ದಾಡಬೇಕು. ಡ್ವಾರ್ಫ್ ನಡಿಗೆ 25 ಅಡಿ ಮಾತ್ರ, ನಿಜ. ಆದರೆ ಭಾರದ ಕವಚ ಹಾಕಿದರೂ ಅದು ಕಡಿಮೆ ಆಗಲ್ಲ.

ಮತ್ತೆ ಕ್ಲೆರಿಕ್ ಅಂದ್ರೆ ಬರೀ ಔಷಧಿ ಅಂತ ಯಾರು ಹೇಳಿದ್ದು? ಬ್ಲೆಸ್ ಅನ್ನೋ ಸ್ಪೆಲ್ (ಮಂತ್ರ) ಹಾಕಿ. ಮೂವರಿಗೆ ಪ್ರತಿ ಹೊಡೆತಕ್ಕೂ ಒಂದು ಡಿ4 (ನಾಲ್ಕು ಮುಖದ ದಾಳ) ಸೇರುತ್ತೆ. ಮೊದಲ ಲೆವೆಲ್‌ನಲ್ಲಿ ಗಾಯ ವಾಸಿ ಮಾಡೋದಕ್ಕಿಂತ ಅದೇ ಎಷ್ಟೋ ಮೇಲು.

ನಿಮ್ಮ ಮೂರರಲ್ಲಿ 2014ರ ರೇಂಜರ್ ಮಾತ್ರ ಬೇಡ. ಮೊದಲ ಲೆವೆಲ್‌ನಲ್ಲಿ ಅವನಿಗೆ ಸ್ಪೆಲ್ಲೇ ಇಲ್ಲ.

ತೂಗುಸೇತುವೆ_ಡಿಎಂ

ಮೇಲಿನವರ ಲೆಕ್ಕ ತಪ್ಪಿಲ್ಲ. ಆದರೆ ಅವರು ನಿಮ್ಮ ಲೋಕವನ್ನು ಓದಲೇ ಇಲ್ಲ. ಹೋಂಬ್ರೂ (ಡಿಎಂ ತಾನೇ ಕಟ್ಟಿದ ಲೋಕ) ಅಂದಮೇಲೆ ಪುಸ್ತಕದಲ್ಲಿ ಏನು ಬಲ ಅನ್ನೋದು ಆಮೇಲಿನ ಮಾತು. ಆ ಲೋಕದಲ್ಲಿ ಏನಿಲ್ಲ ಅನ್ನೋದು ಮೊದಲು. ನಿಮ್ಮಲ್ಲಿ ನೀರಿಲ್ಲ. ಅಂದ್ರೆ ನೀವು ಕ್ಲೆರಿಕ್ ಆದರೂ ಡ್ರೂಯಿಡ್ ಆದರೂ ನಿಮ್ಮ ತಮ್ಮನ ಕ್ಯಾಂಪೇನನ್ನು ಮೊದಲ ಭಾನುವಾರವೇ ಮುಗಿಸಬಹುದು. ಅವನಿಗೆ ಇದು ಗೊತ್ತಾ ಅಂತ ಕೇಳಿ.

ನನ್ನ ಕಥೆ ಹೇಳ್ತೀನಿ. ನಾನು ಮೈಸೂರಿನಲ್ಲಿ ಆಡಿಸೋದು. ಒಮ್ಮೆ ಬರಗಾಲದ ಕಥೆ ಕಟ್ಟಿದ್ದೆ. ಒಂದೂರು, ಒಂದೇ ಬಾವಿ, ಬಾವಿಗೆ ಕಾವಲು ನಿಂತ ಒಂದು ಗ್ಯಾಂಗು. ಬಾವಿ ಬಿಡಿಸೋಕೆ ಐದು ಸೆಷನ್ ಬೇಕು ಅಂದುಕೊಂಡು ಗ್ಯಾಂಗಿನ ಒಬ್ಬೊಬ್ಬನಿಗೂ ಹೆಸರು, ಹೆಂಡತಿ, ಮಕ್ಕಳು ಎಲ್ಲ ಬರೆದಿದ್ದೆ. ಡ್ರೂಯಿಡ್ ಆಡುತ್ತಿದ್ದ ಹುಡುಗಿ ಸ್ಪೆಲ್ ಪಟ್ಟಿ ನೋಡುತ್ತಾ ಕೂತಿದ್ದಳು. "ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್. ಮೊದಲ ಲೆವೆಲ್. ಬಾಯಿ ತೆರೆದ ಪಾತ್ರೆ ಬೇಕಂತೆ. ಯಾರ ಹತ್ತಿರ ಹಂಡೆ ಇದೆ?" ಅಂದಳು. ಅಷ್ಟೇ. ನನ್ನ ಐದು ಸೆಷನ್ ಆ ಹಂಡೆಯಲ್ಲಿ ಮುಳುಗಿ ಹೋಯ್ತು.

ಲೆಕ್ಕ ನೋಡಿ. ಆ ಸ್ಪೆಲ್ ಒಂದು ಸಲಕ್ಕೆ 10 ಗ್ಯಾಲನ್ ನೀರು ಕೊಡುತ್ತೆ, ಸುಮಾರು 38 ಲೀಟರ್. ಪುಸ್ತಕದ ಪ್ರಕಾರ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಬೇಕು, ಸೆಖೆ ಇದ್ದರೆ ಎರಡು. ನಿಮ್ಮ ನಾಲ್ವರಿಗೆ ಬಿರುಬಿಸಿಲಲ್ಲೂ ಎಂಟೇ ಗ್ಯಾಲನ್. ಒಂದು ಸ್ಲಾಟಿನಲ್ಲಿ (ದಿನಕ್ಕೆ ಇಷ್ಟೇ ಸಲ ಸ್ಪೆಲ್ ಹಾಕಬಹುದು ಅಂತ ಇರೋ ಲೆಕ್ಕ) ನಿಮ್ಮ ಬಾಯಾರಿಕೆ ಕಥೆ ಮುಗೀತು.

ಆದರೆ ಆ ದಿನ ನಾನು ಗಮನಿಸದೇ ಇದ್ದದ್ದು ಇನ್ನೊಂದಿದೆ. ಮೊದಲ ಲೆವೆಲ್ ಡ್ರೂಯಿಡ್‌ಗೆ ಸ್ಲಾಟ್ ಇರೋದು ಎರಡು. ದಿನಕ್ಕೆ 20 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಹೆಚ್ಚಂದ್ರೆ ಐದು ಕೊಡ. ನಿಮ್ಮ ನಾಲ್ವರಿಗೆ ಧಾರಾಳ, ಊರಿಗೆ ಏನೂ ಅಲ್ಲ. ಬೇಸಿಗೆಯಲ್ಲಿ ಹತ್ತು ಜನಕ್ಕೆ ಆಗೋ ನೀರು. ಇವಳ ಕೈಯಲ್ಲಿ ನೀರು ಬರುತ್ತೆ ಅಂತ ಗೊತ್ತಾದ ಮಾರನೇ ದಿನ ಬೆಳಿಗ್ಗೆ ನಿಮ್ಮ ಬಿಡಾರದ ಮುಂದೆ ಎಷ್ಟು ಕೊಡ ಸಾಲು ನಿಂತಿರುತ್ತೆ? ಮೊದಲ ಐದು ಕೊಡ ಯಾರದ್ದು? ಆರನೆಯವಳಿಗೆ ಏನು ಹೇಳ್ತೀರಿ?

ಈಗ ನಾನು ಆಡಿಸುವ ನಿಯಮ ಬೇರೆ. ಸ್ಪೆಲ್ ತೆಗೆದು ಹಾಕಲ್ಲ. ನೀರು ಶೂನ್ಯದಿಂದ ಬರಲ್ಲ ಅಂತ ಮಾತ್ರ ಮಾಡಿದ್ದೇನೆ. ಇಲ್ಲಿ 38 ಲೀಟರ್ ಬಂದರೆ ಇನ್ನೆಲ್ಲೋ ಒಂದು ಬಾವಿಯಲ್ಲಿ 38 ಲೀಟರ್ ಇಳಿಯುತ್ತೆ. ಯಾವ ಬಾವಿ ಅಂತ ನನಗೆ ಮಾತ್ರ ಗೊತ್ತು. ಇದನ್ನು ನಿಮ್ಮ ತಮ್ಮನಿಗೆ ಹೇಳಿ, ಬೇಕಾದರೆ ತಗೊಳ್ಳಲಿ.

ನನ್ನ ವೋಟು ಡ್ರೂಯಿಡ್‌ಗೆ. ನೋಮ್ ಬಗ್ಗೆ ಯೋಚನೆ ಮಾಡಿ. ಅಳಿಲು ಜೊತೆ ಮಾತಾಡೋದು ಚೆಂದವೇ. ಆದರೆ ಬತ್ತಿದ ಕೆರೆಯಲ್ಲಿ ಅಳಿಲಿಗೆ ಏನು ಗೊತ್ತಿರುತ್ತೆ?

ಬೆಲ್ಲದ_ಕಾಫಿ

ಅಕ್ಕಾ, ಫಾರ್ಮಸಿಸ್ಟ್ ಆಗಿ ನಿಮಗೆ ಒಂದು ಗುಟ್ಟು ಹೇಳಲೇಬೇಕು. ಈ ಐದನೇ ಎಡಿಷನ್‌ನಲ್ಲಿ 'ಟೀಮಿಗೊಬ್ಬ ಡಾಕ್ಟರ್ ಬೇಕೇ ಬೇಕು' ಅನ್ನೋದು ಸುಳ್ಳು. ನಾನು ಎರಡು ವರ್ಷ ಬಾರ್ಡ್ (ಹಾಡಿನಿಂದ ಮಂತ್ರ ಹಾಕೋ ಕ್ಲಾಸ್) ಆಡಿದ್ದೇನೆ, ಅನುಭವದ ಮಾತು.

ಸೊನ್ನೆ ಹಿಟ್ ಪಾಯಿಂಟ್‌ಗೆ ಬಿದ್ದವನು ಒಂದು ಪಾಯಿಂಟ್ ಸಿಕ್ಕರೂ ಎದ್ದು ನಿಲ್ತಾನೆ, ಹತ್ತು ಸಿಕ್ಕರೂ ಎದ್ದು ನಿಲ್ತಾನೆ. ಹಂಗಾಗಿ ಜಗಳದ ನಡುವೆ ದೊಡ್ಡ ಚಿಕಿತ್ಸೆ ಮಾಡೋದು ದಂಡ. ಎಬ್ಬಿಸೋಕೆ ಚಿಟಿಕೆಯಷ್ಟು ಸಾಕು. ಹೀಲಿಂಗ್ ವರ್ಡ್ ಅನ್ನೋ ಸ್ಪೆಲ್ ಡ್ರೂಯಿಡ್ ಪಟ್ಟಿಯಲ್ಲೂ ಇದೆ. 60 ಅಡಿ ದೂರದಿಂದ ಒಂದು ಮಾತು, ಬೋನಸ್ ಆಕ್ಷನ್ (ನಿಮ್ಮ ಸರದಿಯ ಮುಖ್ಯ ಕೆಲಸದ ಜೊತೆಗೇ ಆಗೋ ಚಿಕ್ಕ ಕೆಲಸ). ನೀವು ಹಿಂದೆ ಓಡಬೇಕಾಗಿಯೇ ಇಲ್ಲ.

ಇನ್ನು ನಿಮ್ಮ ಯಜಮಾನ್ರು. ಹಾಫ್-ಆರ್ಕ್ ಬಿದ್ದರೂ ದಿನಕ್ಕೊಂದು ಸಲ ಸೊನ್ನೆಯ ಬದಲು ಒಂದರಲ್ಲಿ ನಿಲ್ತಾನೆ. ಬಾರ್ಬೇರಿಯನ್ ಸಿಟ್ಟು ಬಂದಾಗ ಕತ್ತಿ, ಬಾಣ, ದೊಣ್ಣೆ ಏಟೆಲ್ಲ ಅರ್ಧಕ್ಕರ್ಧ. ಈ ಟೀಮಿನಲ್ಲಿ ಕಡೆಗೆ ಬೀಳೋದು ಅವರು. ಅವರಿಗಾಗಿ ನೀವು ಕ್ಲೆರಿಕ್ ಆಗೋದಾ?

ಅದಕ್ಕಿಂತ ಗುಡ್‌ಬೆರಿ ಸ್ಪೆಲ್ ನೋಡಿ. ಒಂದು ಸ್ಲಾಟಿಗೆ ಹತ್ತು ಹಣ್ಣು. ಒಂದು ಹಣ್ಣು ತಿಂದರೆ ಒಂದು ಪಾಯಿಂಟ್, ಮತ್ತೆ ದಿನವಿಡೀ ಹಸಿವಿಲ್ಲ. ಬೆಳಿಗ್ಗೆ ಎಲ್ಲರ ಜೇಬಿಗೂ ಎರಡೆರಡು ಹಾಕಿ ಕೈ ತೊಳೆದುಕೊಳ್ಳಿ. ಬಿದ್ದವನ ಬಾಯಿಗೆ ಪಕ್ಕದವರು ಹಾಕಬಹುದಾ ಅಂತ ಡಿಎಂ ಹತ್ತಿರ ಮೊದಲೇ ಕೇಳಿಕೊಳ್ಳಿ, ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. 24 ಗಂಟೆ ಆದಮೇಲೆ ಹಣ್ಣಿನ ಗುಣ ಹೋಗುತ್ತೆ.

ನಿಮ್ಮ ಅತ್ತೆಯವರ ಪ್ರಶ್ನೆ ಬಹಳ ಹಿಡಿಸಿತು. 2024ರ ಪುಸ್ತಕದಲ್ಲಿ ರೇಸ್ ಅನ್ನೋ ಪದವನ್ನೇ ತೆಗೆದು ಸ್ಪೀಷೀಸ್ ಅಂತ ಮಾಡಿದ್ದಾರೆ. +2, +1 ಕೂಡ ಈಗ ಹುಟ್ಟಿನಿಂದ ಬರಲ್ಲ. ಬ್ಯಾಕ್‌ಗ್ರೌಂಡ್‌ನಿಂದ, ಅಂದ್ರೆ ಮೊದಲು ಏನು ಕೆಲಸ ಮಾಡ್ಕೊಂಡಿದ್ರಿ ಅನ್ನೋದರಿಂದ ಬರುತ್ತೆ. ಅತ್ತೆಯವರಿಗೆ ಹೇಳಿ. ನಮ್ಮ ಟೇಬಲ್ಲಿನಲ್ಲಿ ಕುಲ ಅಂದು ನೋಡಿದೆವು, ಬುಡಕಟ್ಟು ಅಂದು ನೋಡಿದೆವು. ಎರಡೂ ಬಾಯಿಗೆ ಕಹಿಯಾಯ್ತು. ಈಗ ಸುಮ್ನೆ 'ನೀನು ಯಾರ ಪೈಕಿ?' ಅಂತ ಕೇಳ್ತೀವಿ. ಅದೂ ಅದೇ ಪ್ರಶ್ನೆ ಅನ್ನೋದು ಆಮೇಲೆ ಹೊಳೀತು.

ಮಾತ್ರೆ_ಚೀಟಿ

ಎಲ್ಲರಿಗೂ ಥ್ಯಾಂಕ್ಸ್. 24 ಗಂಟೆ ಎಕ್ಸ್‌ಪೈರಿ ಇರೋ ಔಷಧಿ! ನನ್ನ ಶಾಪಿನಲ್ಲಿ ಸ್ಟಾಕ್ ಇಟ್ಟರೆ ದಿನಾ ನಷ್ಟ.

ತಮ್ಮನಿಗೆ ಫೋನ್ ಮಾಡಿ ನೀರಿನ ಸ್ಪೆಲ್ ಬಗ್ಗೆ ಕೇಳಿದೆ. ಆ ಕಡೆಯಿಂದ ಒಂದು ನಿಮಿಷ ಸದ್ದೇ ಇಲ್ಲ. ಪುಟ ತಿರುಗಿಸೋದು ಕೇಳಿಸಿತು. "ಅಕ್ಕಾ, ನಾಳೆ ಹೇಳ್ತೀನಿ" ಅಂತ ಇಟ್ಟುಬಿಟ್ಟ. ತೂಗುಸೇತುವೆ ಸರ್, ನೀವು ಹೇಳಿದ ಬಾವಿಯ ನಿಯಮ ಅವನಿಗೆ ಕಳಿಸಿದ್ದೇನೆ.

ಲೆಕ್ಕದ ಸರ್, ನಿಮ್ಮ ಮೇಲೆ ಸಿಟ್ಟಿಲ್ಲ. 18 ಅನ್ನೋದು ಆಸೆ ಹುಟ್ಟಿಸುತ್ತೆ. ಆದರೆ ಡ್ರೂಯಿಡ್ ಅಂತ ತೀರ್ಮಾನ ಮಾಡಿದೆ. ರೇಸ್ ಮಾತ್ರ ಇನ್ನೂ ತೂಗಾಡುತ್ತಿದೆ. ಅಳಿಲಿಗೆ ಏನು ಗೊತ್ತಿರುತ್ತೆ ಅಂದಿದ್ದು ನಿಜವೇ. ಹಂಗಂತ ಎಲ್ಫ್ ಆಗೋಕೂ ಮನಸ್ಸಿಲ್ಲ, ತೂಬಿನ ಪಕ್ಕ ಕೂತು ನೀರು ನಿಲ್ಲಿಸಿದವರು ಅವರೇ ತಾನೇ.

ಲೆಕ್ಕದ_ಡಿ20

ನಾನು ಹೇಳಿದ್ದರಲ್ಲಿ ಅರ್ಧ ಉಳಿಸಿಕೊಳ್ಳಿ. ಹಿಲ್ ಡ್ವಾರ್ಫ್, ಆದರೆ ಡ್ರೂಯಿಡ್.

ನಿಮ್ಮ ಪೋಸ್ಟ್ ಈ ಸಲ ಸರಿಯಾಗಿ ಓದಿದೆ. ಕೆರೆ ಕಟ್ಟಿದ್ದು ಡ್ವಾರ್ಫ್‌ಗಳು ಅಂತಿದ್ದೀರಿ. ಡ್ವಾರ್ಫ್‌ಗೆ ಸ್ಟೋನ್‌ಕನ್ನಿಂಗ್ ಅಂತ ಒಂದು ಗುಣ ಇದೆ, ಸಾಮಾನ್ಯವಾಗಿ ಯಾರೂ ಮುಟ್ಟಲ್ಲ. ಕಲ್ಲಿನ ಕೆಲಸ ಯಾವ ಕಾಲದ್ದು, ಎಲ್ಲಿಂದ ಬಂತು ಅಂತ ಗುರುತಿಸೋಕೆ ಹಿಸ್ಟರಿ ಚೆಕ್ ಮಾಡುವಾಗ (ಅಂದ್ರೆ ದಾಳ ಉರುಳಿಸುವಾಗ) ಪ್ರೊಫಿಷಿಯನ್ಸಿ ಬೋನಸ್ (ನುರಿತ ಕೆಲಸಕ್ಕೆ ಸಿಗೋ ಅಂಕ) ಎರಡು ಪಟ್ಟು. ಬೇರೆ ಕ್ಯಾಂಪೇನ್‌ನಲ್ಲಿ ಅದು ವರ್ಷಕ್ಕೊಮ್ಮೆ ಉಪಯೋಗಕ್ಕೆ ಬರುತ್ತೆ. ನಿಮ್ಮದರಲ್ಲಿ ಏರಿ, ತೂಬು, ಕೋಡಿ ಎಲ್ಲವೂ ಕಲ್ಲೇ.

ಅಂಕಗಳನ್ನು ಹೀಗಿಡಿ. ವಿಸ್ಡಮ್‌ಗೆ 15, ರೇಸಿನ +1 ಸೇರಿ 16. ಕಾನ್‌ಸ್ಟಿಟ್ಯೂಷನ್‌ಗೆ 14, +2 ಸೇರಿ ಅದೂ 16. ಡೆಕ್ಸ್ಟೆರಿಟಿ 13. ಇಂಟೆಲಿಜೆನ್ಸ್ 12, ಕಲ್ಲು ಓದೋಕೆ ಬೇಕು. ಬಲ 10. ಕರಿಸ್ಮಾ 8, ಅದನ್ನು ಹಾಫ್ಲಿಂಗ್ ಹುಡುಗಿ ನೋಡ್ಕೊಳ್ಳಲಿ. ಹಿಟ್ ಪಾಯಿಂಟ್ ಡ್ರೂಯಿಡ್‌ಗೆ 8, ಕಾನ್‌ಸ್ಟಿಟ್ಯೂಷನ್‌ಗೆ 3, ಮತ್ತೆ ಹಿಲ್ ಡ್ವಾರ್ಫ್ ಕೊಡೋ 1, ಒಟ್ಟು 12. ನಿಮ್ಮ ವಿಝರ್ಡ್‌ಗೆ ಶುರುವಿಗೆ ಆರರ ಮೇಲೆ ಚೂರುಪಾರು ಇರುತ್ತೆ, ನೋಡಿ. ಕಲ್ಲು ಓದುವಾಗ ಬುದ್ಧಿಗೆ 1, ಎರಡು ಪಟ್ಟು ಪ್ರೊಫಿಷಿಯನ್ಸಿಗೆ 4. ಒಟ್ಟು +5.

ಡ್ರೂಯಿಡ್‌ಗಳು ಲೋಹದ ಕವಚ ಹಾಕಲ್ಲ. ಚರ್ಮದ ಕವಚ, ಮರದ ಗುರಾಣಿ, 14 ಆಗುತ್ತೆ. ನನಗೆ ಹೊಟ್ಟೆ ಉರಿಯುತ್ತೆ, ಇರಲಿ.

ತೂಗುಸೇತುವೆ_ಡಿಎಂ

ಇದನ್ನು ನಾನು ಹೇಳಬೇಕಿತ್ತು. ಒಂದು ಸೇರಿಸ್ತೀನಿ. ಕಾಣೆಯಾದ ನೀರುಗಂಟಿ ನಿಮಗೆ ಏನಾಗಬೇಕು ಅಂತ ತಮ್ಮನ ಹತ್ತಿರ ಮಾತಾಡಿ. ಪೂರ್ತಿ ಕಥೆ ಬರೆದುಕೊಂಡು ಹೋಗಬೇಡಿ. ಹೊಸಬರು ನಾಲ್ಕು ಪುಟ ಬರೆದು ತರ್ತಾರೆ, ಡಿಎಂಗೆ ಕೈ ಆಡಿಸೋಕೆ ಜಾಗವೇ ಇರಲ್ಲ. ಎರಡು ಸಾಲು ಸಾಕು.

ಮಾತ್ರೆ_ಚೀಟಿ

ನಿನ್ನೆ ಮೊದಲ ಸೆಷನ್ ಆಯ್ತು. ಹೇಳದೇ ಇರೋಕೆ ಆಗ್ತಿಲ್ಲ.

ನನ್ನ ಎರಡು ಸಾಲು ಇಷ್ಟು: ನೀರುಗಂಟಿ ನನ್ನ ಸೋದರಮಾವ. ತೂಬಿನ ಕೀಲಿ ಯಾರ ಹತ್ತಿರ ಇದೆ ಅಂತ ನನಗೆ ಗೊತ್ತಿಲ್ಲ, ಆದರೆ ಗೊತ್ತಿದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ತಮ್ಮ ಬಾವಿಯ ನಿಯಮ ತಗೊಂಡ, ಆದರೆ ಅವನದೇ ಬಾಲ ಸೇರಿಸಿ. ನಾನು ನೀರು ಬರಿಸಿದಾಗಲೆಲ್ಲ ಅವನು ಪರದೆಯ ಹಿಂದೆ ಒಂದು ಡಿ6 ಉರುಳಿಸಿ ಏನೋ ಬರ್ಕೊಳ್ಳುತ್ತಾನೆ. ನನಗೆ ತೋರಿಸಲ್ಲ. ನಿನ್ನೆ ಒಂದು ಸಲ ಮಾಡಿದೆ, ಒಂದು ಮಗುವಿಗೋಸ್ಕರ. ಅವನು ಬರೆದದ್ದು ಒಂದು ಪದ ಮಾತ್ರ, ಊರಿನ ಹೆಸರು ಇರಬೇಕು. ಆಮೇಲಿಂದ ಎರಡನೇ ಸಲ ಮಾಡೋಕೆ ಕೈ ಬರಲಿಲ್ಲ.

ಏರಿಯ ಮೇಲೆ ಹೋದಾಗ "ಈ ಕಲ್ಲು ನೋಡ್ತೀನಿ" ಅಂದೆ. ಡಿ20 ಉರುಳಿ ಮಂಡಕ್ಕಿ ತಟ್ಟೆಯೊಳಗೆ ಬಿತ್ತು. ಅದು ಲೆಕ್ಕಕ್ಕಿದೆಯಾ ಇಲ್ಲವಾ ಅಂತ ಐದು ನಿಮಿಷ ಜಗಳ. ಕಡೆಗೆ ಲೆಕ್ಕಕ್ಕೆ ತಗೊಂಡರು. 14, ಮೇಲೆ 5, ಹತ್ತೊಂಬತ್ತು. ತಮ್ಮ ನಿಧಾನವಾಗಿ ಹೇಳಿದ: ಏರಿಯ ಕಲ್ಲೆಲ್ಲ ಮುನ್ನೂರು ವರ್ಷದ್ದು, ತೂಬಿಗೆ ಅಡ್ಡ ಇಟ್ಟ ಕಲ್ಲು ಮಾತ್ರ ಮೂರು ವರ್ಷದ್ದು. ಡ್ವಾರ್ಫ್ ಉಳಿಯ ಗುರುತೇ ಅದರ ಮೇಲೂ ಇದೆ. ಅಂದ್ರೆ ನೀರು ನಿಲ್ಲಿಸಿದ್ದು ಎಲ್ಫ್‌ಗಳಲ್ಲ, ನಮ್ಮವರೇ ಯಾರೋ. ಹೈ ಎಲ್ಫ್ ವಿಝರ್ಡ್ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಮೂರು ತಿಂಗಳು ಅವರಿಗೆ ಮಿರ್ಚಿ ಬಡಿಸಿದ್ದು ದಂಡ ಅನ್ನಿಸಿತು.

ಯಜಮಾನ್ರು ಎರಡು ಸಲ ಬಿದ್ದರು. ಮೊದಲ ಸಲ ತಾವೇ ಒಂದು ಪಾಯಿಂಟಿನಲ್ಲಿ ನಿಂತರು, ಬೆಲ್ಲದ ಕಾಫಿಯವರು ಹೇಳಿದ ಹಾಗೇ. ಎರಡನೇ ಸಲ ಪಕ್ಕದ ಮನೆ ಹುಡುಗಿ ಬಾಯಿಗೆ ಹಣ್ಣು ಹಾಕಿ ಎಬ್ಬಿಸಿದಳು. ನಾನು ಕೂತ ಜಾಗದಿಂದ ಏಳಲಿಲ್ಲ. ಆದರೆ ಬೆಳಿಗ್ಗೆ ಹಣ್ಣು ಹಂಚುವಾಗ ಬಾಯಿ ತಪ್ಪಿ "ಒಂದು ಈಗ, ಒಂದು ರಾತ್ರಿ ಊಟ ಆದ್ಮೇಲೆ" ಅಂದುಬಿಟ್ಟೆ. ಇನ್ನೂ ಅದನ್ನೇ ಹೇಳಿ ನಗ್ತಿದ್ದಾರೆ.

ಮುಂದಿನ ವಾರ ಎರಡನೇ ಲೆವೆಲ್. ಸರ್ಕಲ್ (ಡ್ರೂಯಿಡ್‌ಗಳ ಪಂಗಡ) ಆರಿಸಬೇಕಂತೆ. ಲ್ಯಾಂಡ್ ಸರ್ಕಲ್‌ನಲ್ಲಿ ಮರುಭೂಮಿ, ಹುಲ್ಲುಗಾವಲು, ಜೌಗು ಎಲ್ಲ ಇದೆ, ಕೆರೆ ಇಲ್ಲ. ಬತ್ತಿದ ಕೆರೆಗೆ ಯಾವುದು ಹತ್ತಿರ ಅಂತೀರಿ?

ಲೆಕ್ಕದ_ಡಿ20

ಮೂನ್ ಸರ್ಕಲ್ ತಗೊಂಡು ಕರಡಿ ಆಗಿ.

ಬೆಲ್ಲದ_ಕಾಫಿ

ಅವರ ಮಾತು ಕೇಳಬೇಡಿ ಅಕ್ಕ. ಜೌಗು ತಗೊಳ್ಳಿ. ಹೂಳು ತುಂಬಿದ ಕೆರೆ ಅಂದ್ರೆ ಅದೇ ಅಲ್ವಾ?